ಗೀರಿನಿಂದ ಗೀರನ್ನು ತೆಗೆಯುವ ಕಲೆ

ಹೊಸಪೇಟೆ, ಸಂಡೂರು ಸೀಮೆಯ ಕಾರುಗಳಿಗೆ ಕಾರ್ಖಾನೆಯವರು ಬಳಿದ ಬಣ್ಣ ಯಾವುದೇ ಇರಲಿ, ಊರು ಬಳಿಯುವ ಬಣ್ಣ ಒಂದೇ. ಸಂಡೂರಿನ ಗುಡ್ಡಗಳ ಅದಿರು ಬಹುಮಟ್ಟಿಗೆ ಹೆಮಟೈಟ್, ಅಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ಖನಿಜ. ಲಾರಿಗಳಿಂದ ಉದುರಿ ಚಕ್ರದ ಸಂದುಗೊಂದುಗಳಲ್ಲಿ ಕೂರುವ ಅದರ ಕೆಂಧೂಳು ಮುಟ್ಟಿದರೆ ಹಿಟ್ಟಿನಷ್ಟು ಮೃದು. ಆದರೆ ಗಡಸುತನವನ್ನು ಹೋಲಿಸುವ ಮೋಸ್ ಮಾಪಕದಲ್ಲಿ ಚಕ್ರದ ಮುಖ್ಯ ಲೋಹವಾದ ಅಲ್ಯೂಮಿನಿಯಂ 3ರ ಒಳಗೇ ಉಳಿದರೆ ಹೆಮಟೈಟ್ 5ನ್ನು ದಾಟುತ್ತದೆ. ಹೀಗಾಗಿ ಚಕ್ರವನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಅದನ್ನು ಗೀರುವುದೇ ಆಗಿದ್ದು, ಈ ಕೆಲಸದ ರುಚಿ ಹತ್ತಿದವರು ಧಾರಾಳವಾಗಿ ನೀರು ಸುರಿಯದೆ ಬಟ್ಟೆಯನ್ನು ಕೈಗೆತ್ತಿಕೊಳ್ಳುವುದಿಲ್ಲ.

ಅಲಾಯ್ ವೀಲ್ ಎಂದು ಕರೆಯುವ ಚಕ್ರವು ಸಾಮಾನ್ಯವಾಗಿ ಅಲ್ಯೂಮಿನಿಯಂಗೆ ಶೇ. 7ರಷ್ಟು ಸಿಲಿಕಾನ್, ಜೊತೆಗೆ ಕೊಂಚ ಮೆಗ್ನೀಷಿಯಂ ಬೆರೆಸಿ ಎರಕ ಹೊಯ್ದದ್ದು. ಗಾಳಿ ತಾಗಿದೊಡನೆ ಈ ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಕಬ್ಬಿಣದ ತುಕ್ಕಿನಂತೆ ಹಕ್ಕಳೆಯಾಗಿ ಉದುರದೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುವ ಪದರವಿದು. ತೊಂದರೆ ಶುರುವಾಗುವುದು ಮೇಲಿನ ಪಾರದರ್ಶಕ ಲ್ಯಾಕರ್ ಲೇಪ ಜಲ್ಲಿಕಲ್ಲಿನ ಪೆಟ್ಟಿಗೆ ಒಡೆದಾಗ. ಕಂಪ್ಲಿಯ ಗದ್ದೆಬದಿಯ ಕೆಸರು ಚಕ್ರದ ಹಿಂಬದಿಗೆ ಮೆತ್ತಿ ಬಹುಕಾಲ ಹಸಿಯಾಗಿಯೇ ಉಳಿದರೆ ತೇವವು ಆ ಬಿರುಕಿನೊಳಗೆ ಇಳಿದು, ಲೇಪದ ಅಡಿಯಲ್ಲಿ ಹುಳು ಹರಿದ ಜಾಡಿನಂತೆ ಬಿಳಿಯ ಗೆರೆಗಳು ಹಬ್ಬುತ್ತವೆ. ಆ ಲೇಪವನ್ನು ಪೂರ್ತಿ ತೆಗೆಯದೆ ಎಷ್ಟು ಉಜ್ಜಿದರೂ ಹೊಳೆಯುವುದು ಲೇಪವೇ ಹೊರತು ಲೋಹವಲ್ಲ.

ಲೇಪ ತೆಗೆಯುವ ದ್ರಾವಣವನ್ನು ಬಯಲಿನಲ್ಲಿ, ಕೈಗವಸು ತೊಟ್ಟು ಬಳಸಬೇಕು. ಕಾಸ್ಟಿಕ್ ಸೋಡಾವನ್ನಂತೂ ಹತ್ತಿರ ಸುಳಿಯಗೊಡಬಾರದು, ಏಕೆಂದರೆ ಅದು ಕಾಯುವ ಪದರವನ್ನು ಕರಗಿಸಿ, ಹೈಡ್ರೋಜನ್ ಅನಿಲವನ್ನು ಹೊಮ್ಮಿಸುತ್ತ ಲೋಹವನ್ನೇ ತಿನ್ನುತ್ತದೆ. ಆಮೇಲಿನದು ವಾಟರ್ ಪೇಪರ್, ಅಂದರೆ ನೀರಿನಲ್ಲಿ ನೆನೆಸಿ ಉಜ್ಜುವ ಕಾಗದ. 400ನೆಯ ಅಂಕಿಯಿಂದ ಹೊರಟು 600, 800, 1000, 1500 ಎಂದು 2000ದವರೆಗೆ ಏರುತ್ತ ಹೋದಂತೆ ಕಣಗಳು ಸಣ್ಣದಾಗುತ್ತವೆ. ಪ್ರತಿ ಹಂತದಲ್ಲೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರುಗಳು ಎದ್ದು ಕಾಣುತ್ತವೆ. ಅವು ಪೂರ್ತಿ ಅಳಿದ ಮೇಲೆಯೇ ಮುಂದಿನ ಕಾಗದ. ಅವಸರಪಟ್ಟು ಒಂದು ಮೆಟ್ಟಿಲು ಹಾರಿದವರ ಗುಟ್ಟನ್ನು ಕೊನೆಯ ಹೊಳಪೇ ಬಯಲು ಮಾಡುತ್ತದೆ. ಬೂದುನೀರು ಹರಿಯುತ್ತ ಕಾಗದದ ಗರಗರ ಸದ್ದು ಕ್ರಮೇಣ ಸಣ್ಣಗಾಗುವುದನ್ನು ಕಿವಿಯೂ, ಕೈಗೆ ಸಿಗುತ್ತಿದ್ದ ತಡೆ ಕಡಿಮೆಯಾಗುವುದನ್ನು ಬೆರಳೂ ಕಣ್ಣಿಗಿಂತ ಮೊದಲೇ ಅರಿಯುವುದು ಈ ಕೆಲಸದ ನಿಜವಾದ ಸುಖ. ಕೊನೆಯಲ್ಲಿ ಪಾಲಿಶ್ ಹಚ್ಚಿದ ಹತ್ತಿಬಟ್ಟೆಗೆ ಮೆತ್ತುವ ಕಪ್ಪು ಮಸಿಯೂ ಕೊಳೆಯಲ್ಲ, ಸವೆದ ಲೋಹದ ಪುಡಿ.

ಇಲ್ಲಿನ ಸೋಜಿಗ ಬೇರೆಯೇ ಇದೆ. ಅಲ್ಯೂಮಿನಿಯಂ ಆಕ್ಸೈಡ್ ಹರಳುಗಟ್ಟಿದರೆ ಮೋಸ್ ಮಾಪಕದಲ್ಲಿ 9ಕ್ಕೇರುವ ಕುರಂದವಾಗುತ್ತದೆ. ಮರ ಉಜ್ಜುವ ಕಾಗದಕ್ಕೂ ಹಲವು ಪಾಲಿಶ್‌ಗಳಿಗೂ ಅದೇ ಬೇಕು. ಚಕ್ರವನ್ನು ಗೀರುವ ಕಬ್ಬಿಣದ ಆಕ್ಸೈಡನ್ನೇ ಅತಿ ನುಣ್ಣಗೆ ಅರೆದರೆ ಚಿನ್ನಕ್ಕೂ ಗಾಜಿಗೂ ಮೆರುಗು ಕೊಡುವ ಕೆಂಪು ಪುಡಿ ಸಿದ್ಧವಾಗುತ್ತದೆ. ಹಂಪಿಯ ಹಜಾರರಾಮ ದೇವಾಲಯದ ಮಂಟಪದಲ್ಲಿ ನಾಲ್ಕು ಕರಿಕಲ್ಲಿನ ಕಂಬಗಳ ನುಣುಪನ್ನು ಕಂಡವರಿಗೆ, ಕಲ್ಲಾಗಲಿ ಲೋಹವಾಗಲಿ ಹೊಳೆಯುವುದು ಮೇಲಿನ ಏರುತಗ್ಗುಗಳು ಕಣ್ಣಿಗೆ ಸಿಗದಷ್ಟು ಸಣ್ಣದಾದಾಗಲೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಿರುಕು ಬಿಟ್ಟ, ಬಾಗಿದ ಚಕ್ರ ಮನೆಯಂಗಳದ ಕೆಲಸವಲ್ಲ. ಉಜ್ಜಿ ಹೊಳೆಸಿದ ಚಕ್ರವೂ ಲ್ಯಾಕರ್ ಅಥವಾ ಮೇಣದ ಕಾವಲಿಲ್ಲದಿದ್ದರೆ ಮತ್ತೆ ಮಂಕಾಗುತ್ತದೆ. ಆದರೂ ಅದಿರಿನ ನಾಡಿನಲ್ಲಿ ಈ ಹವ್ಯಾಸಕ್ಕೆ ತನ್ನದೇ ಅರ್ಥವುಂಟು: ಧೂಳಿನಿಂದ ತಪ್ಪಿಸಿಕೊಳ್ಳುವುದು ಇಲ್ಲಿ ಯಾರ ಕೈಯಲ್ಲೂ ಇಲ್ಲ, ಆದರೆ ಯಾವ ಗಾತ್ರದ ಕಣ ಚಕ್ರವನ್ನು ಉಜ್ಜಬೇಕೆಂಬುದನ್ನು ರಸ್ತೆಗೆ ಬಿಡದೆ ಮನುಷ್ಯನೇ ಆರಿಸಿಕೊಳ್ಳಬಹುದು.