ಚಾರ್ಮಾಡಿಯ ಇರುಳು ದಾರಿ

ಉಜಿರೆಯ ಬೀದಿದೀಪಗಳನ್ನು ಹಿಂದೆ ಬಿಟ್ಟು ಪೂರ್ವಾಭಿಮುಖವಾಗಿ ಹೊರಟ ಪ್ರವಾಸಿಗೆ ಮುಂಡಾಜೆ, ಕಕ್ಕಿಂಜೆ, ಚಾರ್ಮಾಡಿ ಎಂಬ ಊರುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಅಡಿಕೆ ತೋಟಗಳ ನಡುವೆ ಸಾಗಿದ ರಸ್ತೆ ಚಾರ್ಮಾಡಿಯನ್ನು ದಾಟಿದೊಡನೆ ಸಹ್ಯಾದ್ರಿಯ ಮೈಯನ್ನು ಹತ್ತತೊಡಗುತ್ತದೆ. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಪ್ರಪಾತ. ನಡುವೆ ಹಾವಿನಂತೆ ಸುತ್ತಿ ಸುತ್ತಿ ಏರುವ ದಾರಿ. ದಕ್ಷಿಣ ಕನ್ನಡವನ್ನು ಚಿಕ್ಕಮಗಳೂರು ಜಿಲ್ಲೆಯೊಡನೆ ಬೆಸೆಯುವ ಈ ಘಾಟಿಯ ಚೆಲುವನ್ನು ಹಗಲಿನಲ್ಲಿ ಕಂಡವರು ಅನೇಕರು. ಅದನ್ನು ಇರುಳಿನಲ್ಲಿ, ಅದರಲ್ಲಿಯೂ ಶಿವರಾತ್ರಿಗೆ ಎರಡು ದಿನ ಮುಂಚೆ, ಕಾಣುವ ಯೋಗ ನಮಗೆ ಒದಗಿತು.

ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಯಂದು, ಅಮಾವಾಸ್ಯೆಯ ಹೊಸ್ತಿಲಿನಲ್ಲಿ. ಅದಕ್ಕೆ ಮುಂಚಿನ ಇರುಳುಗಳಲ್ಲಿ ಬೆಳಗಿನ ಜಾವದವರೆಗೂ ಚಂದ್ರನ ಸುಳಿವಿರುವುದಿಲ್ಲ. ಆ ಗಾಢಾಂಧಕಾರದಲ್ಲಿಯೇ ಘಟ್ಟದ ಮೇಲಿನ ಜಿಲ್ಲೆಗಳ ಸಾವಿರಾರು ಭಕ್ತರು ಧರ್ಮಸ್ಥಳದ ಮಂಜುನಾಥನ ದರ್ಶನಕ್ಕಾಗಿ ಕಾಲ್ನಡಿಗೆಯಿಂದ ಇಳಿದು ಬರುತ್ತಾರೆ. ಬಿಸಿಲಿನ ಬೇಗೆಗೆ ಅಂಜಿ ರಾತ್ರಿಯೇ ನಡೆಯುವವರು ಅವರಲ್ಲಿ ಹಲವರು.

ನಾವು ಏರುತ್ತಿದ್ದುದು ಮಿತ್ರರಾದ ವಕೀಲರೊಬ್ಬರ ಹೊಸ ಕಾರಿನಲ್ಲಿ. ಅದರ ಹೆಡ್‌ಲೈಟು ತಾನಾಗಿಯೇ ಹೈ ಬೀಮಿಗೆ ಏರಿ, ತಾನಾಗಿಯೇ ಡಿಮ್ ಆಗುವಂಥದು. “ಇನ್ನು ದೀಪದ ಗೊಡವೆ ನನಗಿಲ್ಲ, ನೋಡುತ್ತಿರಿ ಮೇಷ್ಟ್ರೇ” ಎಂದರು ವಕೀಲರು, ಹೆಮ್ಮೆಯಿಂದ.

ಮುಂಗಾಜಿನ ಒಳಗೆ, ಕನ್ನಡಿಯ ಮರೆಯಲ್ಲಿ, ಪುಟ್ಟದೊಂದು ಕ್ಯಾಮೆರಾ ಅಡಗಿ ಕುಳಿತಿರುತ್ತದೆ. ಕಾರಿನ ವೇಗ ಒಂದು ಮಿತಿಯನ್ನು ದಾಟಿ, ಮುಂದೆ ಬರಿಯ ಕತ್ತಲೆಯಿದ್ದರೆ ಬೆಳಕು ಮೇಲೇರುತ್ತದೆ. ಎದುರು ಬರುವ ವಾಹನದ ದೀಪವಾಗಲಿ, ಮುಂದೆ ಹೋಗುವ ವಾಹನದ ಕೆಂಪು ದೀಪವಾಗಲಿ, ಬೀದಿದೀಪಗಳ ಸಾಲಾಗಲಿ ಕಂಡರೆ ಕೆಳಗಿಳಿಯುತ್ತದೆ. ಕಲ್ಪನೆಯೇನೋ ಹೊಸದಲ್ಲ. 1952ರಲ್ಲಿಯೇ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಕ್ಯಾಡಿಲ್ಯಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ‘ಆಟ್ರಾನಿಕ್ ಐ’ ಎಂಬ ಸಾಧನವನ್ನು ಅಳವಡಿಸಿಕೊಡುತ್ತಿತ್ತು. ಬೆಳಕು ಬಿದ್ದರೆ ವಿದ್ಯುತ್ತನ್ನು ಹರಿಸುವ ಗಾಜಿನ ಕೊಳವೆಯೊಂದು ಅದರ ಕಣ್ಣಾಗಿತ್ತು. ಇಂದು ಆ ಕೊಳವೆಯ ಸ್ಥಾನಕ್ಕೆ ಕ್ಯಾಮೆರಾ ಬಂದಿದೆ.

ಮುಂಡಾಜೆಯ ನೇರ ದಾರಿಯಲ್ಲಿ ಈ ಯಂತ್ರದ ಸೌಜನ್ಯವನ್ನು ಮೆಚ್ಚದಿರಲು ಸಾಧ್ಯವೇ ಇರಲಿಲ್ಲ. ದೂರದಲ್ಲಿ ಬಸ್ಸಿನ ದೀಪ ಮಿನುಗಿದೊಡನೆ ನಮ್ಮ ಬೆಳಕು ತಲೆ ತಗ್ಗಿಸುತ್ತಿತ್ತು. ಬಸ್ಸು ದಾಟಿದೊಡನೆ ಮರಗಳ ತುದಿಯವರೆಗೂ ಏರುತ್ತಿತ್ತು. ಕಕ್ಕಿಂಜೆಯನ್ನು ದಾಟಿದ ಮೇಲೆ ಮೊದಲ ಪಾದಯಾತ್ರಿಗಳು ಕಾಣಿಸಿದರು. ಹೆಗಲಿಗೆ ಚೀಲ, ಕೈಯಲ್ಲಿ ಕೋಲು; ಹತ್ತಿಪ್ಪತ್ತು ಜನರ ಸಾಲು. ನಮ್ಮನ್ನು ಕಂಡು ಅವರೆಲ್ಲರ ಕೈಗಳೂ ಹಣೆಯ ಬಳಿಗೆ ಏರಿದುವು. ದೂರಕ್ಕೆ ಅದು ನಮಸ್ಕಾರದಂತೆ ತೋರಿತು. ಹತ್ತಿರವಾದಾಗ ತಿಳಿಯಿತು, ಕಣ್ಣನ್ನು ಕಾಪಾಡಿಕೊಳ್ಳುವುದಕ್ಕಾಗಿ ಎತ್ತಿದ ಕೈಗಳು ಅವು. ಹೈ ಬೀಮು ಇಳಿದಿರಲಿಲ್ಲ. ವಾಹನದ ದೀಪವನ್ನು ಗುರುತಿಸಬಲ್ಲ ಕ್ಯಾಮೆರಾಕ್ಕೆ ದೀಪವಿಲ್ಲದ ಮನುಷ್ಯ ಕತ್ತಲೆಯ ಒಂದು ಭಾಗ ಮಾತ್ರ. ವಕೀಲರು ಸರಕ್ಕನೆ ಲಿವರನ್ನು ಎಳೆದು ತಾವೇ ಡಿಮ್ ಮಾಡಿದರು.

ಘಾಟಿಯ ನಡುವಣ ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ಕಾರನ್ನು ನಿಲ್ಲಿಸಿ ಕೈಮುಗಿದೆವು. ಅಲ್ಲಿ ಕಾಲುಚಾಚಿ ಕುಳಿತಿದ್ದ, ಹಾಸನದ ಕಡೆಯ ಮುದುಕಿಯೊಬ್ಬಳನ್ನು ದಾರಿಯ ಕಷ್ಟಸುಖ ವಿಚಾರಿಸಿದೆ.

“ಬೆಳಕು ಕಣ್ಣಿಗೆ ಬಿದ್ರೆ ಕಾಲಿಗೆ ಕತ್ತಲೆ ಸ್ವಾಮಿ. ಗಾಡಿ ಹೋದ್ಮೇಲೂ ಹಂಗೇ ನಿಂತಿರ್ತೀವಿ, ದಾರಿ ಯಾವ್ದು ಹಳ್ಳ ಯಾವ್ದು ತಿಳಿಯೋಗಂಟ.”

ಆಕೆಯ ಮಾತು ಅಕ್ಷರಶಃ ನಿಜ. ಕತ್ತಲೆಗೆ ಸಂಪೂರ್ಣವಾಗಿ ಒಗ್ಗಲು ನಮ್ಮ ಕಣ್ಣಿಗೆ 20ರಿಂದ 30 ನಿಮಿಷಗಳೇ ಬೇಕು. ಅಷ್ಟು ಹೊತ್ತಿನ ಗಳಿಕೆಯನ್ನು ಕೆಡಿಸಲು ಒಂದು ಹೈ ಬೀಮಿಗೆ ಕೆಲವು ಕ್ಷಣಗಳು ಸಾಕು. ಪ್ರಪಾತದ ಅಂಚಿನಲ್ಲಿ ನಡೆಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಮುಂದಿನ ಏರಿನಲ್ಲಿ ಇನ್ನೊಂದು ವಿಷಯ ಮನಸ್ಸಿಗೆ ಬಂತು. ತಿರುವಿನ ಆಚೆ ಲಾರಿ ಬರುತ್ತಿದ್ದರೆ ಅದರ ಬೆಳಕಿನ ಛಾಯೆ ಮೊದಲು ಬಂಡೆಯ ಮೇಲೆ, ಮರದ ಎಲೆಗಳ ಮೇಲೆ ಹರಿದಾಡುತ್ತದೆ. ಅನುಭವಿ ಚಾಲಕನ ಕೈ ಅಷ್ಟಕ್ಕೇ ಡಿಮ್ ಮಾಡುತ್ತದೆ. ಯಂತ್ರ ದೀಪವೇ ಕಣ್ಣೆದುರು ಬರುವವರೆಗೆ ಕಾಯುತ್ತದೆ. ಮಳೆಗಾಲದಲ್ಲಿ ಈ ಘಾಟಿಯನ್ನು ಮಂಜು ಮುಸುಕಿದಾಗಲಂತೂ ಹೈ ಬೀಮು ಬಿಳಿಯ ಗೋಡೆಗೆ ಬಡಿದಂತೆ ಹಿಂದಿರುಗಿ ಚಾಲಕನ ಕಣ್ಣನ್ನೇ ಕುಕ್ಕುತ್ತದೆ. ಮಂಜಿನಲ್ಲಿ ತಗ್ಗಿದ ಬೆಳಕೇ ಹಿತ.

ಇಷ್ಟರಿಂದ ಯಂತ್ರವನ್ನು ಹಳಿಯಬೇಕಾಗಿಲ್ಲ. ಡಿಮ್ ಮಾಡುವ ಅಭ್ಯಾಸವೇ ಇಲ್ಲದ ಚಾಲಕರು ನಮ್ಮಲ್ಲಿ ಕಡಮೆಯೇ? ಅವರಿಗಿಂತ ಇದು ಎಷ್ಟೋ ಮೇಲು. ಆದರೆ ಇದರ ಮರ್ಯಾದೆ ದೀಪವುಳ್ಳವರಿಗೆ ಮಾತ್ರ ಸಲ್ಲುತ್ತದೆ. ದೀಪವಿಲ್ಲದೆ ನಡೆಯುವವರಿಗೆ ಸಲ್ಲಬೇಕಾದುದನ್ನು ನಾವೇ ಸಲ್ಲಿಸಬೇಕು. ಶಿವರಾತ್ರಿಯ ದಿನಗಳಲ್ಲಿ ಚಾರ್ಮಾಡಿಯನ್ನು ಏರುವವರು ಉಜಿರೆಯಲ್ಲಿಯೇ ಆ ಸ್ವಯಂಚಾಲಿತ ವ್ಯವಸ್ಥೆಯನ್ನು ಆರಿಸಿ, ದೀಪವನ್ನು ತಗ್ಗಿಸಿಕೊಂಡು, ನಿಧಾನವಾಗಿ ಹೋಗುವುದು ಲೇಸು. ನಮ್ಮ ವಕೀಲರು ಗುಡಿಯಿಂದ ಕೊಟ್ಟಿಗೆಹಾರದವರೆಗೂ ಹಾಗೆಯೇ ಕಾರು ನಡೆಸಿದರು. ದಾರಿಯುದ್ದಕ್ಕೂ ಎದುರಾದ ಪಾದಯಾತ್ರಿಗಳಲ್ಲಿ ಆಮೇಲೆ ಯಾರೂ ಹಣೆಗೆ ಕೈಯೊಡ್ಡಲಿಲ್ಲ.