ಬೆಟ್ಟು ಕಟ್ಟೋಣ, ನೋಟು ಬೇಡ

ಮಾಗಡಿ ತಾಲ್ಲೂಕಿನ ನಮ್ಮ ಕೆಂಪಾಪುರದ ಹೆಸರು ಪೇಪರಿನಲ್ಲಿ ದೊಡ್ಡದಾಗಿ ಬಂದದ್ದು 2015ರಲ್ಲಿ, ಕೆಂಪೇಗೌಡರ ಸಮಾಧಿ ಇಲ್ಲಿದೆ ಎಂದು ಗೊತ್ತಾದಾಗ. ಆಟೋಟದ ಸುದ್ದಿಗೆ ಬಂದದ್ದು ನನಗಂತೂ ನೆನಪಿಲ್ಲ. ಹಾಗಂತ ಆಟದ ಹುಚ್ಚಿಗೇನೂ ಬರವಿಲ್ಲ. ಕಬಡ್ಡಿ, ವಾಲಿಬಾಲು ಆಡುತ್ತೇವೆ, ಫುಟ್‌ಬಾಲು ನೋಡುತ್ತೇವೆ. ಬರೀ ನೋಡಿದರೆ ರುಚಿಯಿಲ್ಲ, ಬೆಟ್ಟು ಕಟ್ಟಿ ನೋಡಬೇಕು.

2022ರ ಡಿಸೆಂಬರ್ 18ರ ರಾತ್ರಿ ಕತಾರಿನಲ್ಲಿ ವಿಶ್ವಕಪ್ ಫೈನಲ್. ಊರಲ್ಲಿ ರಾಗಿ ಕೊಯ್ದು ಮೆದೆ ಹಾಕಿದ್ದ ಕಾಲ. ನಾನು ಅರ್ಜೆಂಟೀನಾ, ಪಕ್ಕದ ಮನೆ ಗೆಳೆಯ ಫ್ರಾನ್ಸ್. ಸೋತವನು ಗೆದ್ದವನ ಕಣದಲ್ಲಿ ಒಂದು ದಿನ ರಾಗಿ ತೂರಿಕೊಡಬೇಕು, ಮೇಲೆ ಬಿಡದಿಯಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು. 79 ನಿಮಿಷ ಕಳೆದರೂ ಅರ್ಜೆಂಟೀನಾಕ್ಕೆ 2–0 ಮುನ್ನಡೆ. "ಮೊರ ತಗೊಂಡು ಬಾರಪ್ಪ" ಎಂದು ನಾನು ಬಾಯಿ ಮುಚ್ಚುವಷ್ಟರಲ್ಲಿ ಫ್ರಾನ್ಸಿನ ಎಂಬಪೆ ಎರಡೇ ನಿಮಿಷದಲ್ಲಿ ಎರಡು ಗೋಲು ಹೊಡೆದ. ಮುಂದೆ 3–3, ಕೊನೆಗೆ ಪೆನಾಲ್ಟಿಯಲ್ಲಿ 4–2ಕ್ಕೆ ಅರ್ಜೆಂಟೀನಾ ಗೆದ್ದಿತು. ಸಂಕ್ರಾಂತಿ ಹೊತ್ತಿಗೆ ಗೆಳೆಯ ಬಂದು ಮಾತಿನಂತೆ ರಾಗಿ ತೂರಿದ. ಬಿಡದಿಯಲ್ಲಿ ಬೆಣ್ಣೆ ಮೆತ್ತಿದ ಇಡ್ಲಿ ನನಗಿಂತ ಅವನೇ ಹೆಚ್ಚು ತಿಂದ. ದುಡ್ಡೂ ಅವನದೇ, ನಾನೇನು ಹೇಳಲಿ!

ಫುಟ್‌ಬಾಲು ನಮ್ಮ ಸೀಮೆಯದಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 1891ರಲ್ಲಿ ಶುರುವಾದ ಬೊಂಬಾಯಿಯ ರೋವರ್ಸ್ ಕಪ್ಪನ್ನು ವರ್ಷವರ್ಷವೂ ಬ್ರಿಟಿಷ್ ಪಟಾಲಮ್ಮುಗಳೇ ಹೊತ್ತೊಯ್ಯುತ್ತಿದ್ದವು. 1937ರಲ್ಲಿ ಅದನ್ನು ಕಿತ್ತುಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಅದೇ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ಬರಿಗಾಲಲ್ಲೇ ಇಳಿದ ಭಾರತ ಫ್ರಾನ್ಸಿಗೆ 2–1ರಲ್ಲಿ ಸೋತಿತು. ಸಿಕ್ಕಿದ ಎರಡು ಪೆನಾಲ್ಟಿಯೂ ಗೋಲಾಗಲಿಲ್ಲ. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯೇ ಇದೆ. ಸಂತೋಷ್ ಟ್ರೋಫಿಗೆ ಮಾತ್ರ 54 ವರ್ಷ ಕಾದೆವು. 2023ರಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ನಮ್ಮ ಕರ್ನಾಟಕದ ಹುಡುಗರು ತಂದರು.

ಇನ್ನು ನೋಟಿನ ಬೆಟ್ಟು ಆಟವನ್ನು ಹೇಗೆ ಕೆಡಿಸುತ್ತದೆಂದು ನನಗೆ ತೋರಿಸಿದ್ದು ಬೇಸ್‌ಬಾಲು; ಅದು ನನಗೆ ಹತ್ತಿದ್ದು ಶಿಕಾಗೋದಲ್ಲಿರುವ ಅಕ್ಕನ ಮಗನಿಂದ. "ಮಾವ, ಇದು ನಮ್ಮ ಚಿನ್ನಿದಾಂಡು ಇದ್ದಂಗೆ. ಹೊಡಿ, ಓಡು, ಅಷ್ಟೇ" ಅಂದ. "ಚಿನ್ನಿದಾಂಡಲ್ಲಿ ಇಷ್ಟೊತ್ತು ಉಗುಳ್ತಾ ನಿಂತ್ಕೊಳಲ್ಲ ಕಣೋ" ಅಂದೆ. ಆದರೆ ಅವನ ಊರಿನ ತಂಡದ ಹಳೇ ಕಥೆ ಕೇಳಿದ ಮೇಲೆ ಫೋನು ಇಡಲು ಮನಸ್ಸಾಗಲಿಲ್ಲ. 1919ರ ವರ್ಲ್ಡ್ ಸೀರೀಸ್‌ನಲ್ಲಿ ವೈಟ್ ಸಾಕ್ಸ್ ಆಟಗಾರರು ಜೂಜುಕೋರರಿಂದ ದುಡ್ಡು ತಿಂದು ಬೇಕೆಂದೇ ಸೋತರೆಂದು ಗುಲ್ಲೆದ್ದಿತು. 1921ರಲ್ಲಿ ಕೋರ್ಟು ಖುಲಾಸೆ ಮಾಡಿದರೂ ಎಂಟು ಜನರನ್ನು ಆಯುಷ್ಯಪೂರ್ತಿ ಆಟದಿಂದ ಹೊರಗಿಟ್ಟರು. ಆಮೇಲೆ ಪೀಟ್ ರೋಸ್ ಎಂಬ ಬೇಸ್‌ಬಾಲ್ ಆಟಗಾರನ ಕಥೆ. 4,256 ಹಿಟ್‌ಗಳ ದಾಖಲೆ ಇಂದಿಗೂ ಆತನದೇ. ತಾನೇ ಮ್ಯಾನೇಜರಾಗಿದ್ದ ತಂಡದ ಮೇಲೆ ಬಾಜಿ ಕಟ್ಟಿ 1989ರಲ್ಲಿ ಬಹಿಷ್ಕಾರ ಹಾಕಿಸಿಕೊಂಡ. 2024ರಲ್ಲಿ ತೀರಿಕೊಂಡ, ಬಹಿಷ್ಕಾರ ತೆಗೆದದ್ದು 2025ರಲ್ಲಿ. ಸತ್ತವನ ಹೆಗಲಿಗೆ ಶಾಲು!

ನಮ್ಮ ಕಡೆಯೂ ಐಪಿಎಲ್ ಬಂತೆಂದರೆ ಮೊಬೈಲಿನಲ್ಲೇ ದುಡ್ಡು ಸುರಿದು ಬೈಕು ಅಡವಿಟ್ಟ ಹುಡುಗರಿದ್ದಾರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ತಂದು ನಿಷೇಧಿಸಿತು. ನನ್ನ ತಕರಾರು ಕಾನೂನಿನದಲ್ಲ. ಅಂಥ ಒಬ್ಬ ಹುಡುಗನ ಪಕ್ಕ ಕೂತು ಮ್ಯಾಚು ನೋಡಿದ್ದೇನೆ: ಕಣ್ಣೆದುರು ಸೊಗಸಾದ ಕ್ಯಾಚು ಹಿಡಿದರೂ ಅವನು ತಲೆ ಎತ್ತಲಿಲ್ಲ. ಗೆದ್ದಾಗ ಕುಣಿಯಲಿಲ್ಲ, ಸೋತಾಗ ಅಂಪೈರನ್ನು ಬಯ್ಯಲೂ ಇಲ್ಲ. ಅಂಪೈರನ್ನು ಬಯ್ಯದವನು ಎಂಥ ಅಭಿಮಾನಿ?

ಫುಟ್‌ಬಾಲ್ ವಿಶ್ವಕಪ್ಪು ಸಾಮಾನ್ಯವಾಗಿ ಬರುವುದು ಜೂನ್–ಜುಲೈನಲ್ಲಿ, ಹಲಸಿನ ಕಾಲಕ್ಕೆ. ನನ್ನೊಡನೆ ಬೆಟ್ಟು ಕಟ್ಟುವವರು ದಯವಿಟ್ಟು ನೋಟು ತರಬೇಡಿ. ನಾನು ಸೋತರೆ ಹಿತ್ತಲ ಮರದ ಹಲಸಿನ ಹಣ್ಣೊಂದು ನಿಮ್ಮದು; ಕೈಗೆ ಹಚ್ಚಿಕೊಳ್ಳಲು ಎಣ್ಣೆ ಮಾತ್ರ ನೀವೇ ತನ್ನಿ.