ಮರುಭೂಮಿಯ ಕಣಜ

ಮೂವತ್ತು ವರ್ಷಕಾಲ ಪಾಠಶಾಲೆಯಲ್ಲಿ ನಾನು ಮಕ್ಕಳಿಗೆ, "ಇರುವೆಯನ್ನು ನೋಡಿ ಕಲಿಯಿರಿ, ಅದು ಕ್ಷಣಮಾತ್ರವೂ ಸುಮ್ಮನಿರದು" ಎಂದು ಬೋಧಿಸುತ್ತ ಬಂದೆನು. ಆ ಮಾತು ಅರ್ಧಸತ್ಯವೆಂಬುದು ನನಗೆ ತಿಳಿದುದು ಅರುವತ್ತನೆಯ ವಯಸ್ಸಿನಲ್ಲಿ, ಸಮುದ್ರದಾಚೆಯ ಒಂದು ಮರುಭೂಮಿಯಲ್ಲಿ.

ನನ್ನ ಮಗನು ಅಮೆರಿಕಾ ದೇಶದ ಅರಿಜೋನಾ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವನು. ಕಳೆದ ಜ್ಯೇಷ್ಠಮಾಸದಲ್ಲಿ ನಾನೂ ನನ್ನ ಮನೆಯವಳೂ ಅಲ್ಲಿಗೆ ಹೋಗಿದ್ದಾಗ, ಅವನು ನಮ್ಮನ್ನು ನ್ಯೂ ಮೆಕ್ಸಿಕೋದ ಗಡಿಯ ಬಳಿಯಿರುವ ಚಿರಿಕಾವ ಪರ್ವತಗಳ ತಪ್ಪಲಿಗೆ ಮೋಟಾರಿನಲ್ಲಿ ಕರೆದೊಯ್ದನು. ರಾತ್ರಿ ಅಲ್ಲಿ ತಂಗಿ ಮುಂಜಾನೆ ಬಯಲಿಗೆ ಹೊರಟೆವು. ನೋಡಿದತ್ತ ಮುಳ್ಳುಪೊದೆ, ಒಣಹುಲ್ಲು. ಮಳೆಯು ಅಲ್ಲಿ ಜುಲೈ ತಿಂಗಳಿಗೆ ಮೊದಲಾಗುವುದರಿಂದ ನೆಲವೆಲ್ಲವೂ ಕಾದ ಹಂಚಿನಂತಿದ್ದಿತು.

ಆ ಬಯಲಿನಲ್ಲಿ ಅಲ್ಲಲ್ಲಿ ಗುಡಿಸಿದ ಅಂಗಳದಂತೆ ಹುಲ್ಲಿಲ್ಲದ ಜಾಗಗಳು; ನಡುವೆ ಒಂದು ರಂಧ್ರ, ಸುತ್ತಲೂ ಕಲ್ಲುಹರಳು. ಇವೇ ಬೀಜ ಕೂಡಿಡುವ ಕೆಂಪಿರುವೆಗಳ ಮನೆಗಳು. "ತೀರ ಹತ್ತಿರ ಹೋಗಬೇಡಿ ಅಪ್ಪಾ, ಕುಟುಕಿದರೆ ಉರಿ ಬಹಳ" ಎಂದು ಮಗನು ಎಚ್ಚರಿಸಿದನು.

ಮೊದಲು ಕೆಲವು ಕಾವಲಿರುವೆಗಳು ಹೊರಬಂದು ಸುತ್ತಾಡುವುವು. ಅವು ಕ್ಷೇಮವಾಗಿ ಹಿಂದಿರುಗಿದ ಬಳಿಕವೇ ಬೀಜ ತರುವ ಇರುವೆಗಳು ಹೊರಡುವುವು. ಗಾಳಿಯೂ ನೀರೂ ಚೆಲ್ಲಾಡಿದ ಬೀಜಗಳನ್ನು ಒಂದೊಂದಾಗಿ ಹುಡುಕಿ ತಂದು, ನಮ್ಮ ಬಯಲುಸೀಮೆಯ ಹಗೇವಿನಲ್ಲಿ ಜೋಳ ತುಂಬುವಂತೆ, ನೆಲದೊಳಗಿನ ಕೋಣೆಗಳಲ್ಲಿ ತುಂಬುವುವು. ಸೋಜಿಗವೇನೆಂದರೆ, ಇವುಗಳಿಗೆ ನೀರು ದೊರೆಯುವುದೂ ಬೀಜದಿಂದಲೇ. ಬೀಜದಲ್ಲಿರುವ ಕೊಬ್ಬು ದೇಹದೊಳಗೆ ಕರಗುವಾಗ ನೀರು ಉತ್ಪನ್ನವಾಗುವುದು. ಆದರೆ ಆ ಬೀಜಕ್ಕಾಗಿ ಬಿಸಿಲಿನಲ್ಲಿ ಅಲೆದಷ್ಟೂ ಮೈಯ ನೀರು ಆರುವುದು. ನೀರನ್ನು ಗಳಿಸಲು ನೀರನ್ನೇ ವ್ಯಯಮಾಡಬೇಕು!

ಈ ಜಮಾಖರ್ಚನ್ನು ನೋಡುವ ಯಜಮಾನರಾರು? ಯಾರೂ ಇಲ್ಲ. ರಾಣಿಯು ಮೊಟ್ಟೆಯಿಡುವಳೇ ಹೊರತು ಅಪ್ಪಣೆ ಕೊಡುವವಳಲ್ಲ. ಬಾಗಿಲೊಳಗೆ ಕಾದಿರುವ ಇರುವೆಯು, ಬೀಜ ಹೊತ್ತು ಬಂದ ಇರುವೆಯನ್ನು ಕುಡಿಮೀಸೆಯಿಂದ ಮುಟ್ಟಿ ವಾಸನೆಯಿಂದ ಗುರುತಿಸುವುದು. ಇಂಥವು ಮೇಲಿಂದಮೇಲೆ ಎದುರಾದರೆ ತಾನೂ ಹೊರಡುವುದು. ತಡವಾದರೆ ಒಳಗೇ ನಿಲ್ಲುವುದು.

ಡೆಬೊರಾ ಗಾರ್ಡನ್ ಎಂಬ ವಿದುಷಿಯು 1985ರಲ್ಲಿ ತೊಡಗಿ, ಈ ಪ್ರದೇಶದ ಸುಮಾರು 300 ಗೂಡುಗಳನ್ನು ದಶಕಗಳ ಕಾಲ ಪರೀಕ್ಷಿಸಿದವರು. ದುಡಿಯುವ ಇರುವೆಯ ಆಯುಸ್ಸು ಸುಮಾರು ಒಂದು ವರ್ಷ. ರಾಣಿಯದೂ ಗೂಡಿನದೂ 20-30 ವರ್ಷ. ತಾಯಿಗೂಡಿನಿಂದ ಹಾರಿಹೋದ ಹೊಸ ರಾಣಿಯರು ಬೇರೆ ಗೂಡು ಹೂಡುವರು. ಒಣಹವೆಯ ದಿನಗಳಲ್ಲಿ ಹೊರಹೋಗುವುದನ್ನು ತಗ್ಗಿಸಿಕೊಳ್ಳುವ ಗೂಡುಗಳಿಗೇ ಇಂತಹ ಸಂತಾನವು ಅಧಿಕವೆಂದು ಆಕೆ 2013ರಲ್ಲಿ ಪ್ರಕಟಿಸಿದರು.

ಬಿಸಿಲು ಏರಿತು. ನಾನು ನೋಡುತ್ತಿದ್ದಂತೆಯೇ ಹೊರಡುವ ಇರುವೆಗಳು ವಿರಳವಾಗಿ, ಅಂಗಳವು ಬರಿದಾಯಿತು. ಆಗ ನನಗೆ, ಚಳ್ಳಕೆರೆಯ ಕಡೆಯ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗಿನ ಒಬ್ಬ ರೈತನು ನೆನಪಾದನು. ಒಂದು ವರ್ಷ ಮುಂಗಾರು ಒಂದು ಹನಿ ಹನಿಸಿ ಹೋಯಿತು. ಊರವರೆಲ್ಲರೂ ಬಿತ್ತಿದರು, ಅವನೊಬ್ಬನು ಬಿತ್ತಲಿಲ್ಲ. "ಇರುವೆಗಿರುವ ಉದ್ಯೋಗಬುದ್ಧಿಯೂ ನಿನಗಿಲ್ಲವಲ್ಲ!" ಎಂದು ನಾನು ಹತ್ತು ಜನರೆದುರಿಗೆ, ಅವನ ಮಗನೆದುರಿಗೂ, ಆಡಿದೆನು. ಅವನು, "ಹದ ಬರಲಿ ಸ್ವಾಮಿ" ಎಂದಷ್ಟೇ ಹೇಳಿದನು. ಆ ಸಲ ಹದ ಬರಲಿಲ್ಲ. ಮರುವರ್ಷ ಮಳೆ ಬಿದ್ದಾಗ ಊರಿನಲ್ಲಿ ಬಿತ್ತನೆಯ ಜೋಳವಿದ್ದುದು ಅವನ ಗುಡಾಣದಲ್ಲಿ. ನೆರೆಹೊರೆಯವರು ಅವನಿಂದಲೇ ಕಡ ತಂದರು. ನಾನಾದರೋ ಆಡಿದ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ಅವನು ಈಗ ಇಲ್ಲ. ಮಗನು ಅದೇ ಹೊಲವನ್ನು ಉಳುತ್ತಿರುವನು. ಊರಿಗೆ ಮರಳಿದೊಡನೆ ಅವನಿಗೊಂದು ಕಾಗದ ಬರೆದು, ನಿನ್ನ ತಂದೆಯೇ ಇರುವೆಯನ್ನು ಸರಿಯಾಗಿ ಬಲ್ಲವನಾಗಿದ್ದನೆಂದು ತಿಳಿಸಿದೆನು. ದುಡಿಯುವುದು ಧರ್ಮವಷ್ಟೆ, ಕಾಲವನ್ನರಿತು ತಡೆದಿರುವುದೂ ಧರ್ಮವೇ.